ಪಟ್ಟು ಹೇಳುವವರ ಕುರ್ಚಿ

ಎಲ್ಲಕ್ಕೂ ಮೂಲ ಒಂದು ಚೂರು ಮೂಲಂಗಿ ಉಪ್ಪಿನಕಾಯಿ. ಹಿಂದಿನ ದಿನ ಮಧ್ಯಾಹ್ನ ಬುತ್ತಿ ಮುಗಿಸಿ ಕೂತಿದ್ದ ಹಿಗಾಕಿಯವರ ಹಲ್ಲಿನ ಸಂದಿಯಲ್ಲಿ ಅದು ಸಿಕ್ಕಿಕೊಂಡಿತು. ಕಡ್ಡಿ ಹಾಕಿ ಕೀಳೋಣ ಅಂತ ತಲೆ ಬಗ್ಗಿಸಿದರು. ಬಗ್ಗಿಸಿದ್ದು ಹೆಚ್ಚೆಂದರೆ ಮೂರು ಸೆಕೆಂಡು. ಆದರೆ ಸುಮೋ ಕುಸ್ತಿ ಮುಗಿಯುವುದಕ್ಕೆ ಅಷ್ಟೇ ಸಾಕು. ತಲೆ ಎತ್ತಿ ನೋಡಿದರೆ ಟೀವಿ ಪರದೆಯಲ್ಲಿ ಒಬ್ಬ ಪೈಲ್ವಾನ ಬೋರಲು ಬಿದ್ದಿದ್ದ, ಇನ್ನೊಬ್ಬ ಗೆದ್ದು ನಿಂತಿದ್ದ, ಪಕ್ಕದಲ್ಲಿ ಫೋನು ಬಡಿದುಕೊಳ್ಳುತ್ತಿತ್ತು.

ಆ ಫೋನೇ ಹಿಗಾಕಿಯವರ ನೌಕರಿ. ರ್‍ಯೊಗೊಕುವಿನ ಕುಸ್ತಿ ಭವನದ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ. ಅದರೊಳಗೆ ಒಂದು ಟೀವಿ, ಒಂದು ಫೋನು, ಒಂದು ಕುರ್ಚಿ. ಕುಸ್ತಿ ಮುಗಿದ ಮರುಕ್ಷಣ ಅಖಾಡದ ಪಕ್ಕದಲ್ಲಿ ಮೈಕು ಹಿಡಿದು ಕೂತಿರುವ ಹೆಯ್ನೊಸುಕೆ "ಯಾವ ಪಟ್ಟು?" ಅಂತ ಫೋನಿನಲ್ಲಿ ಕೇಳುತ್ತಾನೆ. ಗೆದ್ದವನು ಯಾವ ಪಟ್ಟು ಹಾಕಿ ಗೆದ್ದ ಅನ್ನುವುದನ್ನು ಹಿಗಾಕಿಯವರು ಹೇಳಬೇಕು. ಅದನ್ನು ಅವನು ಹತ್ತು ಸಾವಿರ ಜನಕ್ಕೆ ಸಾರುತ್ತಾನೆ. ಪುಸ್ತಕದಲ್ಲಿರುವ ಪಟ್ಟುಗಳು ಎಂಬತ್ತೆರಡು. ಒಂದು ಕಾಲದಲ್ಲಿ ತಾವೇ ಪೈಲ್ವಾನರಾಗಿದ್ದ ಹಿಗಾಕಿಯವರಿಗೆ ಎಂಬತ್ತೆರಡೂ ಬಾಯಿಪಾಠ, ಅದರಲ್ಲಿ ಅರ್ಧಕ್ಕರ್ಧ ಸ್ವಂತ ಮೈಮೇಲೆ ಅನುಭವಿಸಿದವು.

ಅಷ್ಟಿದ್ದೂ ನಿನ್ನೆ, ದೃಶ್ಯವನ್ನು ತಿರುಗಿಸಿ ನೋಡುವ ಗೋಜಿಗೆ ಹೋಗದೆ, ಬಿದ್ದವನ ಭಂಗಿ ನೋಡಿ ಅಂದಾಜಿನ ಮೇಲೆ "ಬಡಿದು ಬೀಳಿಸಿದ್ದು" ಅಂದುಬಿಟ್ಟರು. ಆಗಿದ್ದು "ಎಳೆದು ಬೀಳಿಸಿದ್ದು". ಹೆಗಲಿಗೋ ಬೆನ್ನಿಗೋ ಅಂಗೈಯಿಂದ ಬಡಿದು ಕೆಡವಿದರೆ ಒಂದು ಪಟ್ಟು, ಹಿಡಿದು ತನ್ನತ್ತ ಜಗ್ಗಿ ಕೆಡವಿದರೆ ಇನ್ನೊಂದು. ಬಿದ್ದವನಿಗೆ ಎರಡೂ ಒಂದೇ, ಮೂಗಿಗೆ ಮಣ್ಣು. ನೋಡುವವರಿಗೆ ಮಾತ್ರ ಭೂಮಿ ಆಕಾಶದ ವ್ಯತ್ಯಾಸ. ಐದು ನಿಮಿಷ ಬಿಟ್ಟು "ಈ ಮೊದಲು ತಿಳಿಸಿದ ಪಟ್ಟಿನಲ್ಲಿ ತಿದ್ದುಪಡಿಯಿದೆ" ಅಂತ ಹೆಯ್ನೊಸುಕೆ ಮೈಕಿನಲ್ಲಿ ಹಾಡಿದಾಗ ಹಿಗಾಕಿಯವರು ಕೋಣೆಯೊಳಗೆ ಕೂತಲ್ಲೇ ಕುಗ್ಗಿಹೋದರು.

ಬೆಳಗ್ಗೆ ಎದ್ದಾಗ ಮನೆಯಲ್ಲೇ ಶುರುವಾಯಿತು. ಹೆಂಡತಿ ಫುಮಿಯೆ ಮಿಸೊ ಸಾರಿನ ಬಟ್ಟಲು ಮುಂದಿಡುತ್ತಾ, "ಏನ್ರೀ, ಕಣ್ಣಿನ ಡಾಕ್ಟರ ಹತ್ರ ಹೋಗ್ಬನ್ನಿ ಅಂತ ಮಾರ್ಚಿನಿಂದ ಬಡ್ಕೋತಾ ಇದೀನಿ" ಅಂದಳು.

"ಕಣ್ಣಲ್ಲ ಕಣೇ, ಹಲ್ಲು."

"ಹಂಗಾದ್ರೆ ಹಲ್ಲಿನ ಡಾಕ್ಟರ ಹತ್ರ ಹೋಗಿ. ಒಟ್ನಲ್ಲಿ ಯಾರ ಹತ್ರಾನಾದ್ರೂ ಹೋಗಿ."

ಮನೆಯಿಂದ ಭವನಕ್ಕೆ ಎಂಟು ನಿಮಿಷದ ನಡಿಗೆ. ಅವತ್ತು ನಲವತ್ತು ನಿಮಿಷ ಹಿಡಿಯಿತು. ತೋಫು ಅಂಗಡಿಯ ಕಿನು ಅಜ್ಜಿಗೆ ಎಂಬತ್ತಮೂರು ವರ್ಷ. ಹಿಗಾಕಿಯವರು ಹುಟ್ಟುವ ಮೊದಲೇ ಕುಸ್ತಿ ನೋಡಲು ಶುರು ಮಾಡಿದವಳು. ನೀರಿನ ತೊಟ್ಟಿಯಿಂದ ಕೈ ತೆಗೆದು ಒರೆಸಿಕೊಂಡು, ಎಳೆಯೋದಕ್ಕೂ ಬಡಿಯೋದಕ್ಕೂ ವ್ಯತ್ಯಾಸ ಗೊತ್ತಾಗದಷ್ಟು ವಯಸ್ಸಾಯಿತೇನಪ್ಪ ನಿಂಗೆ ಅಂತ ಕನಿಕರದಿಂದ ಕೇಳಿದಳು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕನಿಕರ ಬೇಡವಾಗಿತ್ತು. ಅಲ್ಲಿಂದ ಮುಂದೆ ಕ್ಷೌರದಂಗಡಿಯ ಸೊನೊದಾ, ಅರ್ಧ ಗಡ್ಡ ಹೆರೆಸಿಕೊಂಡಿದ್ದ ಗಿರಾಕಿಯನ್ನು ಹಾಗೇ ಬಿಟ್ಟು ಬೀದಿಗೆ ಬಂದ. "ಉಸ್ತಾದ್ರೇ, ಬೇಜಾರು ಮಾಡ್ಕೋಬೇಡಿ, ನಾವೆಲ್ಲ ನಿಮ್ಮ ಕಡೇನೇ" ಅಂದ. ಅವನ ಹಿಂದೆಯೇ ಬಂದ ಗಿರಾಕಿ ಕೆನ್ನೆಯ ಮೇಲಿನ ನೊರೆ ಒರೆಸಿಕೊಳ್ಳದೆ, ನಾನು ಮಾತ್ರ ಟೀವಿಯಲ್ಲಿ ನೋಡಿದ ತಕ್ಷಣ ಎಳೆತ ಅಂತ ಹೇಳಿಬಿಟ್ಟೆ, ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ ಅಂದ. ಇವನ ಹೆಂಡತಿಯನ್ನು ಕೇಳುವುದಕ್ಕೆ ನನಗೇನು ಹುಚ್ಚೇ ಅಂತ ಗೊಣಗಿಕೊಂಡು ಹಿಗಾಕಿಯವರು ಕುಂಟುತ್ತಾ ಮುಂದೆ ಹೋದರು.

ಕುಂಟುವುದು ಕೋಪಕ್ಕಲ್ಲ, ಮಂಡಿಗೆ. ಇಪ್ಪತ್ತೆರಡು ವರ್ಷ ಅಖಾಡದಲ್ಲಿ ಕಳೆದ ಮೇಲೆ ಬಲ ಮಂಡಿಗೆ ಎರಡು ಸಲ ಆಪರೇಷನ್ ಆಗಿತ್ತು. ಎಡದ್ದಕ್ಕೆ ಆಗಬೇಕಿತ್ತು, ಮುಂದೂಡುತ್ತಾ ಬಂದಿದ್ದರು. ಹತ್ತು ನಿಮಿಷ ನಿಂತರೆ ಎರಡೂ ಸೇರಿ ಜೀವ ತೆಗೆಯುತ್ತಿದ್ದವು. ನಿವೃತ್ತಿಗೆ ಇನ್ನೂ ನಾಲ್ಕು ವರ್ಷ. ಸುಮೋ ಸಂಘದಲ್ಲಿ ಹಳೆಯ ಪೈಲ್ವಾನರಿಗೆ ಕೊಡುವ ಕೆಲಸಗಳೆಲ್ಲ ನಿಂತು ಮಾಡುವಂಥವು. ಕೂತು ಮಾಡುವ ಕೆಲಸ ಇದ್ದಿದ್ದು ಇದೊಂದೇ, ಹಾಗಾಗಿ ಆ ಕುರ್ಚಿಯ ಮೇಲೆ ಅವರಿಗೆ ಹೆಂಡತಿಯ ಮೇಲಿನಷ್ಟೇ ಪ್ರೀತಿ. ಜಗಳವಾದ ದಿನ ಅದಕ್ಕಿಂತ ಒಂದು ಕೈ ಹೆಚ್ಚೇ.

ಕೋಣೆಯ ಬಾಗಿಲಲ್ಲೇ ವಿಭಾಗದ ಮುಖ್ಯಸ್ಥ ಕುರಾತಾನಿಯವರು ಕಾಯುತ್ತಿದ್ದರು. ತೆಳ್ಳಗೆ, ನಯವಾಗಿ ಮಾತಾಡುವ ಮನುಷ್ಯ. ಕೆಟ್ಟ ಸುದ್ದಿಯಿದ್ದಾಗ ಇನ್ನೂ ನಯವಾಗುತ್ತಿದ್ದರು.

"ಹಿಗಾಕಿಯವರೇ, ನಿಮ್ಮ ಮೇಲೆ ನನಗೆ ತುಂಬ ಗೌರವ" ಅಂತ ಅವರು ಶುರು ಮಾಡಿದಾಗಲೇ ಹಿಗಾಕಿಯವರ ಮಂಡಿ ಜುಮ್ಮೆಂದಿತು. "ಆದ್ರೆ ಈ ಪಂದ್ಯಾವಳಿಯಲ್ಲಿ ಇನ್ನೊಂದು ತಿದ್ದುಪಡಿ ಆಯ್ತು ಅಂದ್ರೆ ನನ್ನ ಕೈಲಿ ಏನೂ ಇರಲ್ಲ. ನೀವು ಗೇಟಿಗೆ ಹೋಗ್ಬೇಕಾಗತ್ತೆ. ನಿಶಿಹಾಮಾ ಇಲ್ಲಿಗೆ ಬರ್ತಾರೆ."

ಗೇಟಿನ ಕೆಲಸ ಅಂದರೆ ಬಾಗಿಲಲ್ಲಿ ನಿಂತು ಟಿಕೆಟು ಹರಿಯುವುದು. ಬೆಳಗ್ಗೆ ಎಂಟರಿಂದ ಸಂಜೆಯ ತನಕ ನಿಂತೇ ಇರಬೇಕು, ಬಂದವರಿಗೆಲ್ಲ ತಲೆ ಬಾಗಿಸಬೇಕು, ಫೋಟೊ ಕೇಳಿದವರಿಗೆ ನಗಬೇಕು. ಈಗ ಅಲ್ಲಿರುವ ನಿಶಿಹಾಮಾ ಕೂಡ ಹಳೆಯ ಪೈಲ್ವಾನನೇ. ಎಂಬತ್ತೆರಡರಲ್ಲಿ ಅವನಿಗೆ ಗೊತ್ತಿರುವುದು ಹತ್ತೋ ಹನ್ನೆರಡೋ. ಪೈಲ್ವಾನನಾಗಿದ್ದಾಗಲೂ ಅಷ್ಟರಲ್ಲೇ ಕಾಲ ಹಾಕಿದವನು. ಮೂರು ವರ್ಷದಿಂದ ಏನಾದರೊಂದು ನೆಪ ಮಾಡಿಕೊಂಡು ಈ ಕೋಣೆಗೆ ಬರುತ್ತಿದ್ದ, ಬಂದಾಗಲೆಲ್ಲ ಕುರ್ಚಿಯ ಬೆನ್ನನ್ನು ಒಂದು ಸಲ ಸವರಿ ಹೋಗುತ್ತಿದ್ದ.

ಹಿಗಾಕಿಯವರು ಅವತ್ತು ಉಪ್ಪಿನಕಾಯಿ ಮುಟ್ಟಲಿಲ್ಲ. ಊಟವನ್ನೇ ಬಿಟ್ಟರು. ಕಣ್ಣು ಮಿಟುಕಿಸುವುದಕ್ಕೂ ಹೆದರಿ ಪರದೆಗೆ ಮೂಗು ತಾಗಿಸಿಕೊಂಡು ಕೂತರು. ನೂರು ಸಲ ಹೇಳಿದ ಪಟ್ಟನ್ನೂ ಇನ್ನೊಂದು ಸಲ ತಿರುಗಿಸಿ ನೋಡಿಯೇ ಹೇಳತೊಡಗಿದರು. ಅತ್ತ ಅಖಾಡದ ಪಕ್ಕದಲ್ಲಿ ಹೆಯ್ನೊಸುಕೆ ಬಾಯಿ ತೆರೆದುಕೊಂಡು ಕಾಯುವಂತಾಯಿತು. ನಾಲ್ಕನೇ ಸಲ ಕಾಯಿಸಿದಾಗ, "ಉಸ್ತಾದ್ರೇ, ಎದೆಗೆ ಕೈ ಕೊಟ್ಟು ದಬ್ಬಿದಾನೆ, ಆಚೆ ಹೋಗಿದಾನೆ. ಇದರಲ್ಲಿ ಯೋಚನೆ ಮಾಡೋದೇನಿದೆ?" ಅಂದ.

ಸಾಯಂಕಾಲವಾದಂತೆ ಕೋಣೆಗೆ ಜನ ಬರತೊಡಗಿದರು. ಹಿಗಾಕಿಗೆ ಕಷ್ಟಕಾಲ, ಸಹಾಯ ಮಾಡೋಣ ಅಂತ. ಮೊದಲು ಬಂದವರು ಮಿಯಾಸೆ, ತಾನು ಹೇಳಿದ್ದೇ ಸರಿ ಅನ್ನುವ ಜಾತಿಯ ಹಳೆಯ ಪೈಲ್ವಾನ. ಅವರ ಹಿಂದೆ ತೊಗಾಶಿ. ಅವರಿಗೆ ಕಿವಿ ಸ್ವಲ್ಪ ಮಂದ, ಅದಕ್ಕೇ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದ್ದರು. ಗೇಟಿನಲ್ಲಿ ಜನ ಒಳಬಂದು ಮುಗಿದಿದ್ದರಿಂದ ನಿಶಿಹಾಮಾನೂ ಚಹಾ ಹಿಡಿದುಕೊಂಡು ಬಂದ. ಮೂವರೂ ನೂರೈವತ್ತು ಕಿಲೋ ಮುಟ್ಟಿ ಬಂದ ದೇಹಗಳು. ಕೋಣೆಯಲ್ಲಿ ಗಾಳಿಯಾಡಲೂ ಜಾಗವಿಲ್ಲದಂತಾಯಿತು. ದಯವಿಟ್ಟು ಹೊರಗೆ ನಿಲ್ಲಿ ಅಂತ ಹಿಗಾಕಿಯವರು ಎರಡು ಸಲ ಕೇಳಿಕೊಂಡರು. ನೀನು ನಮ್ಮ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಕೆಲಸ ನೋಡು ಅಂದರು ಮಿಯಾಸೆ, ಪರದೆಗೆ ಅಡ್ಡ ನಿಂತುಕೊಂಡು.

ದಿನದ ಕಡೆಯ ಕುಸ್ತಿಗೆ ಇನ್ನೆರಡು ಬಾಕಿ ಇದ್ದಾಗ ತೆತ್ಸುಯಾಮಾ, ಹಯಾನಾಮಿ ಅಖಾಡಕ್ಕೆ ಹತ್ತಿದರು. ತೆತ್ಸುಯಾಮಾ ಗಿಡ್ಡ, ಅಕ್ಕಿಮೂಟೆಯ ಹಾಗೆ ದುಂಡಗೆ. ಹಯಾನಾಮಿ ಆರಡಿ ಮೀರಿದ ಸಣಕಲ. ಇಬ್ಬರೂ ಪದ್ಧತಿಯಂತೆ ಉಪ್ಪು ಎರಚಿದರು, ಕೂತರು, ಎದ್ದರು. ತೆತ್ಸುಯಾಮಾ ಗುದ್ದಿಕೊಂಡು ಹೋಗಿ ಹಯಾನಾಮಿಯನ್ನು ನೇರ ಅಂಚಿಗೆ ಒಯ್ದ. ಅಂಚಿನ ಹುಲ್ಲುಹಗ್ಗಕ್ಕೆ ಹಿಮ್ಮಡಿ ತಾಗಿದ್ದೇ ತಡ, ಹಯಾನಾಮಿ ಗಿರ್ರನೆ ತಿರುಗಿದ. ಇಬ್ಬರೂ ಬುಗುರಿಯ ಹಾಗೆ ಒಂದು ಸುತ್ತು ಸುತ್ತಿದರು. ಸುತ್ತು ನಿಂತಾಗ ಅಂಚಿನಲ್ಲಿದ್ದವನು ತೆತ್ಸುಯಾಮಾ. ಅವನ ಮುಂದೆ ಹಯಾನಾಮಿ, ಅದೂ ಬೆನ್ನು ತಿರುಗಿಸಿಕೊಂಡು, ಎದುರಾಳಿ ಎಲ್ಲಿ ಅಂತ ಜನರ ಕಡೆ ಹುಡುಕುತ್ತಾ. ಅದೇ ಕ್ಷಣಕ್ಕೆ ಅಖಾಡದೊಳಗೆ ನಿಂತು ತೀರ್ಪು ಕೊಡುವ ಪಂಚನ ಅಗಲವಾದ ರೇಷ್ಮೆ ಅಂಗಿ ಕ್ಯಾಮೆರಾಕ್ಕೆ ಅಡ್ಡ ಬಂತು. ಅಂಗಿ ಸರಿದಾಗ ತೆತ್ಸುಯಾಮಾನ ಕಾಲು ಹಗ್ಗದ ಹೊರಗಿತ್ತು, ಸುಮೋದಲ್ಲಿ ಅಷ್ಟಾದರೆ ಸೋಲು.

ಫೋನು ಹೊಡೆದುಕೊಂಡಿತು.

"ತಾನೇ ಕಾಲು ಆಚೆ ಇಟ್ಟ. ಪಟ್ಟೂ ಇಲ್ಲ ಗಿಟ್ಟೂ ಇಲ್ಲ" ಅಂದರು ಮಿಯಾಸೆ. ಏನು, ಎತ್ತಿ ಹಾಕಿದನೇ ಅಂತ ತೊಗಾಶಿ ಕಿರುಚಿದರು. ನಿಶಿಹಾಮಾ ಕುರ್ಚಿಯ ಬೆನ್ನು ಸವರಿದ. ಹಿಗಾಕಿಯವರು ಮಿಯಾಸೆಯ ಕಂಕುಳ ಸಂದಿಯಿಂದ ಪರದೆ ನೋಡಿ ದೃಶ್ಯವನ್ನು ತಿರುಗಿಸಿದರು. ಅಂಗಿ. ಮತ್ತೆ ತಿರುಗಿಸಿದರು. ಮತ್ತೆ ಅದೇ ಅಂಗಿ, ಅದರ ಮೇಲಿನ ನೇರಳೆ ಹೂವು ಕೂಡ ಎಣಿಸಬಹುದಿತ್ತು. ಆದರೆ ಅಂಗಿ ಅಡ್ಡ ಬರುವ ಮುಂಚೆ ಹಯಾನಾಮಿಯ ಹಿಮ್ಮಡಿಗಳು ಮಣ್ಣಿನಲ್ಲಿ ಊರಿದ್ದು ಕಾಣಿಸಿತು. ಮುಂದಕ್ಕೆ ಓಡುವವನ ಹಿಮ್ಮಡಿ ಹಾಗೆ ಊರುವುದಿಲ್ಲ. ಇವನು ಬೆನ್ನಿನಿಂದಲೇ ಹಿಂದಕ್ಕೆ ಒರಗಿ ಒತ್ತಿದ್ದಾನೆ. ಆ ಪಟ್ಟಿಗೆ ಪುಸ್ತಕದಲ್ಲಿ ಹೆಸರಿದೆ, ಉಶಿರೊಮೊತಾರೆ, ಬೆನ್ನೊರಗು. ಅಷ್ಟು ವರ್ಷದ ಕೆಲಸದಲ್ಲಿ ಹಿಗಾಕಿಯವರು ಅದನ್ನು ಹೇಳಿದ್ದು ಒಂದೇ ಸಲ.

ಹೇಳಿದರೆ, ತಪ್ಪಾದರೆ, ಗೇಟು. ಸುಮ್ಮನೆ ಮಿಯಾಸೆ ಹೇಳಿದ್ದನ್ನೇ ಹೇಳಿದರೆ ನಾಳೆ ಯಾರೂ ಕೇಳುವುದಿಲ್ಲ. ಆದರೆ ಆ ಸಣಕಲ ಹುಡುಗ ಗೆದ್ದ ಗೆಲುವನ್ನು ಬೇರೊಬ್ಬ ಎಡವಿದ್ದು ಅಂತ ಹೇಗೆ ಹೇಳುವುದು? ಹಿಗಾಕಿಯವರು ರಿಸೀವರ್ ಕಿವಿಗಿಟ್ಟುಕೊಂಡು, "ಬೆನ್ನೊರಗು" ಅಂದರು.

"ಖಾತ್ರೀನಾ, ಉಸ್ತಾದ್ರೇ?"

"ನೀನು ಹೇಳಯ್ಯ ಸುಮ್ನೆ."

ಭವನದಲ್ಲಿ ಹೆಯ್ನೊಸುಕೆಯ ದನಿ ಕೇಳಿತು. ಅದರ ಹಿಂದೆಯೇ ಹತ್ತು ಸಾವಿರ ಜನ "ಓ" ಅಂದಿದ್ದು ಗೋಡೆ ದಾಟಿ ಬಂತು. ಒಂದು ನಿಮಿಷ ಹಿಗಾಕಿಯವರಿಗೆ ಬಹಳ ಸುಖವಾಯಿತು. ಎರಡನೇ ನಿಮಿಷದಲ್ಲಿ ಬಾಗಿಲು ತೆರೆಯಿತು, ಕುರಾತಾನಿಯವರು ಎಂದೂ ಇಲ್ಲದಷ್ಟು ನಯವಾಗಿ ಒಳಗೆ ಬಂದರು. ಅಖಾಡದ ಕೆಳಗೆ ಕೂತಿದ್ದ ತೀರ್ಪುಗಾರರಲ್ಲಿ ಇಬ್ಬರ ಪ್ರಕಾರ ಹಯಾನಾಮಿಯ ಬೆನ್ನು ತಾಗಿಯೇ ಇಲ್ಲ. ತೆತ್ಸುಯಾಮಾ ಆಯ ತಪ್ಪಿ ತಾನೇ ಹೊರಗೆ ಕಾಲಿಟ್ಟಿದ್ದಾನೆ. ಹೆಯ್ನೊಸುಕೆಗೆ ತಿದ್ದುಪಡಿ ಕಳಿಸಬೇಕು. ಇಷ್ಟು ಹೇಳಿ ಅವರು ತುಂಬ ಬೇಜಾರಾಯಿತು ಅಂದರು. ಮಿಯಾಸೆ, ನಾನಾಗಲೇ ಹೇಳಿರಲಿಲ್ಲವೇ ಅಂದರು. ನಿಶಿಹಾಮಾ ಚಹಾದ ಲೋಟ ಕೆಳಗಿಟ್ಟು ಕೈ ಒರೆಸಿಕೊಂಡ.

ಹಿಗಾಕಿಯವರಿಗೆ ತಲೆ ಕೆಟ್ಟಿತು. "ಹತ್ತು ನಿಮಿಷ ಕೊಡಿ" ಅಂದವರೇ ಎದ್ದು ಕುರಾತಾನಿಯವರ ತೋಳು ಹಿಡಿದು ಹೊರಗೆ ಎಳೆದರು. ಬೆಳಗ್ಗಿನಿಂದ ಊರೆಲ್ಲ ಬಯಸಿದಂತೆ, ಇದು ಮಾತ್ರ ಸಂಶಯವೇ ಇಲ್ಲದ ಎಳೆತ. ಮಿಯಾಸೆ, ತೊಗಾಶಿ ತಮಾಷೆ ನೋಡಲು ಹಿಂದೆ ಹೊರಟರು. ಫೋನಿಗೆ ಯಾರಾದರೂ ಬೇಕಲ್ಲ ಅಂತ ಕುರಾತಾನಿಯವರು ತಿರುಗಿ ನೋಡುವಷ್ಟರಲ್ಲಿ ನಿಶಿಹಾಮಾ ಕುರ್ಚಿಯಲ್ಲಿ ಕೂತಾಗಿತ್ತು.

ಹಿಗಾಕಿಯವರು ಮಂಡಿ ನೋವು ಮರೆತು ಹೋದದ್ದು ನೇರ ಪೈಲ್ವಾನರ ಸ್ನಾನದ ಮನೆಗೆ. ತೆತ್ಸುಯಾಮಾ ಆಗ ತಾನೇ ಲಂಗೋಟಿ ಬಿಚ್ಚಿ ಸೊಂಟಕ್ಕೊಂದು ಟವೆಲು ಸುತ್ತಿಕೊಂಡು ನೀರಿಗೆ ಇಳಿಯುವುದರಲ್ಲಿದ್ದ. ಸೋತ ಸಿಟ್ಟಿನಲ್ಲಿದ್ದವನ ಮುಂದೆ ನಾಲ್ಕು ಜನ ಹಿರಿಯರು ಬಂದು ನಿಂತರೆ ಹೇಗಾಗಬೇಕು?

"ತಮ್ಮಾ, ನೀರಿಗಿಳೀಬೇಡ. ಹೊಟ್ಟೆ ತೋರಿಸು" ಅಂದರು ಹಿಗಾಕಿಯವರು.

ತೆತ್ಸುಯಾಮಾ ಗಾಬರಿಯಾಗಿ ಹೊಟ್ಟೆ ಒಳಗೆಳೆದುಕೊಳ್ಳಲು ನೋಡಿದ. ಅಷ್ಟು ಹೊಟ್ಟೆ ಎಲ್ಲಿಗೆ ಹೋಗಬೇಕು? ಹಿಗಾಕಿಯವರು ಬಗ್ಗಿ ನೋಡಿದರು. ಬಿಳಿ ಹೊಟ್ಟೆಯ ಮೇಲೆ, ಹೊಕ್ಕುಳಿಂದ ನಾಲ್ಕು ಬೆರಳು ಮೇಲಕ್ಕೆ, ಮುಷ್ಟಿಗಾತ್ರದ ಕೆಂಪು ಗುರುತು. ಕೆಂಪಿನೊಳಗೆ ಬಟ್ಟೆಯ ಮಡಿಕೆ ಮಡಿಕೆಯೂ ಒತ್ತಿ ಮೂಡಿತ್ತು.

ಪೈಲ್ವಾನರ ಲಂಗೋಟಿಯ ಗಂಟು ಇರುವುದು ಹಿಂದೆ, ಬೆನ್ನಿನ ಬುಡದಲ್ಲಿ. ಮರದ ತುಂಡಿನಷ್ಟು ಗಟ್ಟಿ. ಎತ್ತರದ ಹಯಾನಾಮಿಯ ಗಂಟು ಸರಿಯಾಗಿ ಗಿಡ್ಡ ತೆತ್ಸುಯಾಮಾನ ಹೊಟ್ಟೆಯ ಮಟ್ಟಕ್ಕೆ ಬರುತ್ತದೆ. ಬೆನ್ನು ತಾಗದೆ ಆ ಗಂಟು ಅಲ್ಲಿಗೆ ಹೇಗೆ ಬಂತು ಅಂತ ಹಿಗಾಕಿಯವರು ಕೇಳಿದರು. ಕುರಾತಾನಿಯವರು ಕನ್ನಡಕ ಹಾಕಿಕೊಂಡು ಬಗ್ಗಿದರು. ಮಿಯಾಸೆ ಬಗ್ಗಿದರು. ತೊಗಾಶಿ ಬೆರಳಿನಿಂದ ಒತ್ತಿ ನೋಡಿದರು, ತೆತ್ಸುಯಾಮಾ ಅಯ್ಯೋ ಅಂದ.

"ಒತ್ತಿದನೇನೋ ಅವನು?" ಅಂತ ಕುರಾತಾನಿಯವರು ಕೇಳಿದರು.

"ಒತ್ತದೆ ಮತ್ತೆ? ನಾನೇನು ನನ್ನಿಷ್ಟಕ್ಕೆ ಆಚೆ ಹೋದ್ನಾ?" ಅಂದ ತೆತ್ಸುಯಾಮಾ, ಅಳುವ ದನಿಯಲ್ಲಿ. "ಬೆನ್ನಲ್ಲಿ ಸೋಲಿಸ್ಬಿಟ್ಟ ಸಾರ್. ಊರಿಗೆ ಹೆಂಗೆ ಮುಖ ತೋರಿಸ್ಲಿ?"

ಅಲ್ಲಿಗೆ ಇತ್ಯರ್ಥವಾಯಿತು. ತಿದ್ದುಪಡಿ ಹೋಗಲಿಲ್ಲ. ವಾಪಸು ಬರುವ ದಾರಿಯಲ್ಲಿ ಪತ್ರಿಕೆಯ ಇಬ್ಬರು ಸಿಕ್ಕು ಹಿಗಾಕಿಯವರ ಹೆಸರು ಬರೆದುಕೊಂಡರು. ಮಿಯಾಸೆಯಂಥ ಮಿಯಾಸೆ ಬೆನ್ನು ತಟ್ಟಿ, ನಾನೂ ಮೊದಲು ಅದನ್ನೇ ಅಂದುಕೊಂಡೆ ಅಂದರು. ಹಿಗಾಕಿಯವರಿಗೆ ಈಗ ಬೇಕಾಗಿದ್ದು ಒಂದೇ, ಹೋಗಿ ಕುರ್ಚಿಯಲ್ಲಿ ಕೂರುವುದು. ಓಡಿದ್ದಕ್ಕೆ ಎರಡೂ ಮಂಡಿಗಳು ಉರಿಯುತ್ತಿದ್ದವು.

ಕೋಣೆಯಲ್ಲಿ ನಿಶಿಹಾಮಾ ಕೂತೇ ಇದ್ದ. ನಡುವಿನ ಒಂದು ಕುಸ್ತಿಗೆ ಹೆಯ್ನೊಸುಕೆಯೇ ಕಂಡದ್ದನ್ನು ಹೇಳಿ ದಾಟಿಸಿದ್ದನಂತೆ. ಏಳಪ್ಪ ಅನ್ನುವಷ್ಟರಲ್ಲಿ ಕುರಾತಾನಿಯವರು ಹಿಗಾಕಿಯವರ ಎರಡೂ ಕೈ ಹಿಡಿದುಕೊಂಡರು. ಅವರ ಕಣ್ಣು ತೇವವಾಗಿತ್ತು.

"ಹಿಗಾಕಿಯವರೇ, ನನ್ನನ್ನ ಕ್ಷಮಿಸ್ಬೇಕು. ಇಷ್ಟು ತಿಳ್ಕೊಂಡಿರೋ ಮನುಷ್ಯನ್ನ ಈ ಕತ್ತಲೆ ಕೋಣೇಲಿ ಕೂರಿಸಿದ್ವಲ್ಲ, ನಮಗೆ ಬುದ್ಧಿ ಇರಲಿಲ್ಲ. ಸಂಘದ ಅಧ್ಯಕ್ಷರಿಗೆ ಈಗ ತಾನೇ ದಾರೀಲೇ ಫೋನ್ ಮಾಡಿ ಒಪ್ಪಿಸ್ದೆ. ಹೊಸದಾಗಿ ಸೇರಿರೋ ಹುಡುಗರ ತರಬೇತಿ ಶಾಲೆಗೆ ನಾಳೆಯಿಂದ ನೀವೇ ಗುರುಗಳು."

ಆ ಶಾಲೆ ಬೆಳಗ್ಗೆ ಏಳಕ್ಕೆ ಶುರುವಾಗುತ್ತದೆ. ಅಲ್ಲಿ ಬೆಂಚಿಲ್ಲ, ಕುರ್ಚಿಯಿಲ್ಲ, ಇರುವುದು ಬರೀ ಗಟ್ಟಿ ಮಣ್ಣಿನ ನೆಲ. ಗುರುಗಳೂ ಬರಿಗಾಲಲ್ಲೇ ನಿಲ್ಲಬೇಕು. ನನ್ನ ಮಂಡಿ, ಅಂತ ಹಿಗಾಕಿಯವರು ತೊದಲಿದರು.

"ಮಂಡಿಗೆ ಏನ್ ಕೆಲಸ ಇದೆ ಅಲ್ಲಿ? ಎಂಬತ್ತೆರಡನ್ನೂ ಒಂದೊಂದ್ ಸಲ ಮಾಡಿ ತೋರಿಸಿದ್ರಾಯ್ತು. ಆಮೇಲೆ ಹುಡುಗ್ರು ಒಬ್ಬೊಬ್ರಾಗಿ ನಿಮ್ಮ ಮೇಲೆ ಮಾಡಿ ಕಲೀತಾರೆ."

"ಈ ಕುರ್ಚಿ?" ಅಂದರು ಹಿಗಾಕಿಯವರು, ಉತ್ತರ ಗೊತ್ತಿದ್ದೂ.

ಕುರ್ಚಿಯ ಬಗ್ಗೆ ನೀವು ಚಿಂತೆ ಮಾಡಬೇಡಿ, ನಿಶಿಹಾಮಾ ನೋಡಿಕೊಳ್ಳುತ್ತಾರೆ ಅಂದರು ಕುರಾತಾನಿಯವರು. ಎಲ್ಲರೂ ಒಟ್ಟಿಗೆ ಅಭಿನಂದಿಸತೊಡಗಿದರು. ತೊಗಾಶಿ ಏನು ವಿಷಯ ಅಂತ ತಿಳಿಯದೆಯೇ ಚಪ್ಪಾಳೆ ತಟ್ಟಿದರು. ಆ ಗದ್ದಲದ ನಡುವೆ ಭವನ ಒಂದು ಸಲ ಭೋರ್ಗರೆಯಿತು, ಫೋನು ಬಡಿದುಕೊಂಡಿತು. ದಿನದ ಕಡೆಯ ಕುಸ್ತಿ, ಮಹಾಪೈಲ್ವಾನನದು, ಮುಗಿದುಹೋಗಿತ್ತು. ಕೋಣೆಯಲ್ಲಿದ್ದ ಐದು ಜನರಲ್ಲಿ ಒಬ್ಬರೂ ಪರದೆಯ ಕಡೆ ನೋಡಿರಲಿಲ್ಲ.

ನಿಶಿಹಾಮಾ ರಿಸೀವರ್ ಹಿಡಿದು ಬೆವರಿದ. ಹಿಗಾಕಿಯವರ ಮುಖ ನೋಡಿದ, ಕಣ್ಣಲ್ಲೇ ಬೇಡಿದ. ಹಿಗಾಕಿಯವರು ನೆಟ್ಟಗೆ ನಿಂತು ಸೂರು ನೋಡಿದರು. ಹೇಳಲಿ ಮಗ ಏನು ಹೇಳುತ್ತಾನೋ, ಇಡೀ ದೇಶ ಕೇಳಲಿ, ತಿದ್ದುಪಡಿ ಆಗಲಿ, ಗೇಟಿಗೆ ಹೋಗಲಿ. ಇವತ್ತು ಬೆಳಗ್ಗಿನಿಂದ ಮೊದಲನೇ ಸಲ ಅವರಿಗೆ ನಗು ಬಂತು.

ನಿಶಿಹಾಮಾ ಕಣ್ಣು ಮುಚ್ಚಿಕೊಂಡು, "ಯೊರಿಕಿರಿ" ಅಂದ. ಅಪ್ಪಿ ಹಿಡಿದು ಹೊರಗೆ ನಡೆಸುವುದು. ಎಲ್ಲ ಪಟ್ಟುಗಳಲ್ಲಿ ತೀರಾ ಮಾಮೂಲಿ, ಮೂರು ಕುಸ್ತಿಗೆ ಒಂದು ಹೀಗೇ ಮುಗಿಯುತ್ತದೆ.

ಪರದೆಯಲ್ಲಿ ದೃಶ್ಯ ನಿಧಾನವಾಗಿ ತಿರುಗಿ ಬಂತು. ಮಹಾಪೈಲ್ವಾನ ಎರಡೂ ಕೈಯಲ್ಲಿ ಎದುರಾಳಿಯ ಸೊಂಟದ ಪಟ್ಟಿ ಹಿಡಿದು, ಎದೆಗೆ ಎದೆ ಕೊಟ್ಟು, ಮದುವಣಗಿತ್ತಿಯನ್ನು ಮನೆ ತುಂಬಿಸುವಷ್ಟು ಜೋಪಾನವಾಗಿ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೊರಗೆ ಬಿಟ್ಟುಬಂದ. ಪುಸ್ತಕದಲ್ಲಿ ಬರೆದ ಹಾಗೇ ಯೊರಿಕಿರಿ, ಒಂದಕ್ಷರ ಆಚೀಚೆ ಇಲ್ಲ.

"ನೋಡಿದ್ರಾ? ಎರಡನೇ ಸಲ ತಿರುಗಿಸಿ ನೋಡ್ಲೂ ಇಲ್ಲ" ಅಂದರು ಕುರಾತಾನಿಯವರು. ನಿಶಿಹಾಮಾ ವಿನಯದಿಂದ ತಲೆ ಬಾಗಿಸಿ, ಹಾಯಾಗಿ ಬೆನ್ನು ಹಿಂದಕ್ಕೆ ಒರಗಿಸಿದ. ಹಿಗಾಕಿಯವರ ಮಂಡಿ ಒಂದು ಸಲ ಕುಸಿಯಿತು. ಕೂರೋಣ ಅಂತ ಸುತ್ತ ನೋಡಿದರು. ಆ ಕೋಣೆಯಲ್ಲಿ ಇನ್ನೊಂದು ಕುರ್ಚಿ ಇರಲಿಲ್ಲ.